ಬ್ಯಾಂಡಿನವರು ಕುಳಿತು ನುಡಿಸಿದ ಮಧ್ಯಾಹ್ನ

ಆಲಾಪ ಶುರುವಾಗಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಗಾಯಕರು ಹಾಡು ನಿಲ್ಲಿಸಿಬಿಟ್ಟರು. ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿ, ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿ ಮೈಕಿನಲ್ಲೇ ಹೇಳಿದರು: “ಮೇಡಂ, ನಾ ಹಾಡಿದ್ದು ನನಗ ಹೊಳ್ಳಿ ಬರಾಕತ್ತೈತಿ. ಒಂದು ಸ್ವರ ಮುಗಿಯೂದ್ರಾಗ ಹಿಂದಿನ ಸ್ವರ ಬಂದು ಅದರ ಮ್ಯಾಲ ಕುಂಡ್ರತೈತಿ. ಇಲ್ಲಿ ಹಾಡಾಕ ಆಗೂದಿಲ್ರಿ.”

ಅಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿಯಾಗಿದ್ದವು. ಗಾಯಕರು ಎದ್ದ ಮೇಲೆ ಉಳಿದವರೂ ಎದ್ದರು. ಅವರನ್ನು ಕಾರಿನವರೆಗೆ ಬಿಟ್ಟು ವಾಪಸು ಬಂದಾಗ ವಿಶ್ವವಿದ್ಯಾಲಯದ ಆ ದೊಡ್ಡ ಹಾಲಿನಲ್ಲಿ ನಾನೂ ಮೈಕಿನವನೂ ಇಬ್ಬರೇ. ಅವನು ವೈರು ಸುತ್ತುತ್ತಿದ್ದ. ನಾನು ಸುಮ್ಮನೆ ಒಮ್ಮೆ ಕೆಮ್ಮಿದೆ. ಆ ಕೆಮ್ಮು ಹಿಂದಿನ ಗೋಡೆಗೆ ಹೋಗಿ ತಿರುಗಿ ಬಂತು.

ನಮ್ಮ ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಮಾಡುವುದು ಸಮಾಜಶಾಸ್ತ್ರ. ನನಗೆ ಹಾಡಲು ಬರುವುದಿಲ್ಲ. ಒಂದು ಸಭೆಯಲ್ಲಿ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ನಮ್ಮ ಹುಡುಗ ಹುಡುಗಿಯರು ತಮ್ಮ ಸುತ್ತಲಿನ ಸಂಗೀತವನ್ನೆಲ್ಲ ಫೋನಿನಲ್ಲಷ್ಟೇ ಕೇಳುತ್ತಾರೆ, ತಿಂಗಳಿಗೊಮ್ಮೆ ಎಲ್ಲ ನಮೂನೆಯ ಹಾಡುಗಾರರನ್ನೂ ಕರೆಸಿ ಒಂದೇ ಜಮಖಾನೆಯ ಮೇಲೆ ಕೂರಿಸಬೇಕು ಎಂದಿದ್ದೆ. ಹೇಳಿದವರೇ ಮಾಡಲಿ ಎಂದು ಕೆಲಸ ನನ್ನ ಕೊರಳಿಗೆ ಬಿತ್ತು. ಮೊದಲನೆಯ ಕಾರ್ಯಕ್ರಮದ ಗತಿ ಹೀಗಾಯಿತು.

ಮರುದಿನ ಕುಲಸಚಿವರು ಕರೆಸಿದರು. ಸಿಟ್ಟಿನ ಮನುಷ್ಯರಲ್ಲ ಅವರು. ಆದರೆ ಹಾಲು ಖಾಲಿ ಇರುವುದು ಅವರಿಗೆ ಸೇರುತ್ತಿರಲಿಲ್ಲ. “ಪರೀಕ್ಷಾ ವಿಭಾಗದವ್ರು ಉತ್ತರ ಪತ್ರಿಕಿ ಇಡಾಕ ಜಾಗಾ ಇಲ್ಲಂತ ಬಾಯಿ ಬಾಯಿ ಬಡ್ಕೊಳ್ಳಾಕತ್ತಾರ. ಇನ್ನೊಂದು ಸಲ ನೋಡ್ರಿ. ಅದೂ ಹಿಂಗ ಆತಂದ್ರ ಹಾಲು ಅವರಿಗೆ ಕೊಟ್ಟು ಬಿಡ್ತೀನಿ.”

“ಆತ್ರಿ ಸರ್,” ಎಂದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈ ಹಾಲಿಗೆ ಏನಾಗಿದೆ ಎಂದು ಮೊದಲು ತಿಳಿಯಬೇಕು.

ಮೈಕಿನವನನ್ನು ಕೇಳಿದೆ. ಅವನು ಗದಗಿನವನೇ, ಮದುವೆ, ನಾಟಕ, ಭಾಷಣ ಎಲ್ಲಕ್ಕೂ ಮೈಕು ಕಟ್ಟಿ ಪಳಗಿದವನು. ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ಬೆರಳು ಮಡಚಿದ. “ಒಂದು… ಎರಡು… ಎರಡೂವರಿ. ಕೇಳ್ರಿ, ಈಗ ಸತ್ತಿತು ಸದ್ದು. ಕೆಳಗ ಟೈಲ್ಸು, ಸುತ್ತ ಸಿಮೆಂಟಿನ ಗೋಡಿ, ಮ್ಯಾಲ ತಗಡು. ಸದ್ದು ಕುಂಡ್ರಾಕ ಜಾಗಾನ ಇಲ್ಲ ಮೇಡಂ, ಓಡಾಡ್ಕೋತನ ಇರತೈತಿ. ನಾವು ಮತ್ತ ದೊಡ್ಡ ಸ್ಪೀಕರ್ ಇಟ್ಟು ಅದನ್ನ ಇನ್ನಷ್ಟು ಓಡಿಸಿದ್ವಿ.”

“ಏನ್ ಮಾಡಬೇಕು?”

“ಗೋಡಿಗೆ ಅರಿವಿ ಉಡಸ್ಬೇಕು. ದಪ್ಪನ್ನ ಅರಿವಿ.”

ಸೋಮವಾರ ತರಗತಿಯಲ್ಲಿ ಪಾಠ ಬಿಟ್ಟು ಈ ಮಾತು ಹೇಳಿದೆ. ಶಿರಹಟ್ಟಿಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಮೇಡಂ, ಕೌದಿ ನಡೀತಾವೇನ್ರಿ? ನಮ್ಮ ಓಣ್ಯಾಗ ಮನಿಗೆ ನಾಕು ನಾಕು ಅದಾವ.”

ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹಚ್ಚಿ ಹೊಲಿದ ಕೌದಿಗಿಂತ ದಪ್ಪನೆಯ ಅರಿವೆ ಎಲ್ಲಿಂದ ತರುವುದು? ಹತ್ತು ದಿನದಲ್ಲಿ ಮೂವತ್ತೆಂಟು ಕೌದಿ ಬಂದವು. ಶಿರಹಟ್ಟಿಯ ಹುಡುಗಿಯೊಬ್ಬಳೇ ಹನ್ನೊಂದು ಕೌದಿಗಳನ್ನು ಎರಡು ಗಂಟು ಕಟ್ಟಿ ಬಸ್ಸಿನಲ್ಲಿ ತಂದಳು. ಜೊತೆಗೆ ಅವಳ ಅಜ್ಜಿಯ ತಾಕೀತೂ ಬಂತು: ಮೊಳೆ ಹೊಡೆಯಬಾರದು, ತೂತು ಬಿದ್ದರೆ ಕೌದಿ ಹಾಳು. ಹಾಗಾಗಿ ಗೋಡೆಯ ಉದ್ದಕ್ಕೂ ಹಗ್ಗ ಬಿಗಿದು ಅದರ ಮೇಲೆ ಕೌದಿ ಇಳಿಬಿಟ್ಟೆವು. ಗೋಡೆಗೆ ಅಂಟಬಾರದು, ನಡುವೆ ಒಂದು ಗೇಣು ಬಿಡಬೇಕು, ಆ ಗಾಳಿಯಲ್ಲೂ ಸದ್ದು ಸಾಯುತ್ತದೆ ಎಂದು ಮೈಕಿನವ ಹೇಳಿದ್ದ. ಪ್ರತಿ ಕೌದಿಯ ಮೂಲೆಗೆ ಮನೆಯವರ ಹೆಸರು ಬರೆದ ಚೀಟಿಯನ್ನು ಎರಡು ಹೊಲಿಗೆ ಹಾಕಿ ಕೂರಿಸಿದೆವು. ನೆಲಕ್ಕೆ ಹಾಸ್ಟೆಲಿನ ಜಮಖಾನೆಗಳು ಬಂದವು. ಅಗಲ ಕಿರಿದಾದ ತುದಿಯಲ್ಲಿದ್ದ ವೇದಿಕೆಯನ್ನು ಬಿಟ್ಟು, ಉದ್ದ ಗೋಡೆಯ ನಡುಭಾಗದಲ್ಲಿ ಮೊಣಕಾಲೆತ್ತರದ ಕಟ್ಟೆ ಹಾಕಿಸಿದೆವು. ಈಗ ಕೊನೆಯ ಸಾಲಿನವನೂ ಹಾಡುವವರ ಮುಖ ಕಾಣುವಷ್ಟು ಹತ್ತಿರ. ದೊಡ್ಡ ಸ್ಪೀಕರುಗಳ ಬದಲು ಸಣ್ಣವು ನಾಲ್ಕು, ಬಾಯಿ ಜನರ ಕಡೆ ಬಗ್ಗಿಸಿ.

ಮೈಕಿನವ ಮತ್ತೆ ಚಪ್ಪಾಳೆ ತಟ್ಟಿದ. ಒಂದು ಎನ್ನುವುದರೊಳಗೆ ಸದ್ದು ಅಡಗಿತು. ಬಣ್ಣ ಬಣ್ಣದ ಆ ಗೋಡೆಗಳ ನಡುವೆ ನಿಂತು ನನಗೆ ಮೊದಲ ಬಾರಿಗೆ ಧೈರ್ಯ ಬಂತು.

ಎರಡನೆಯ ಕಾರ್ಯಕ್ರಮಕ್ಕೆ ಮೂರು ತಂಡ ಎಂದು ನಿಶ್ಚಯಿಸಿದ್ದೆ: ಅದೇ ಖಯಾಲ್ ಗಾಯಕರು, ಸೊರಟೂರಿನ ಬೀಸುವ ಪದದ ಹೆಣ್ಣುಮಕ್ಕಳು, ಬೆಟಗೇರಿಯ ಒಂದು ಮದುವೆ ಬ್ಯಾಂಡು. ಮಧ್ಯಾಹ್ನ ಮೂರಕ್ಕೆ ಶುರು, ತಂಡಕ್ಕೆ ಅರ್ಧ ತಾಸು.

ಸೊರಟೂರಿಗೆ ಹೋದಾಗ ಹಿರಿಯ ಹೆಣ್ಣುಮಗಳೊಬ್ಬಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಪದ ಎತ್ತುವವಳು ಅವಳೇ, ಉಳಿದ ಮೂವರು ಹಿಂದೆ ಹೇಳುವವರು. ಒಂದು ಪದ ಹೇಳು ಎಂದೆ. ಬಾಯಿ ತೆರೆದಳು, ಎರಡು ಸಾಲಿಗೆ ನಿಂತಳು.

“ಯವ್ವಾ, ಬರೇ ಬಾಯಿಲೆ ಬರೂದಿಲ್ಲ ಇದು. ಕಲ್ಲು ತಿರುಗಿದ್ರ ಪದಾ ತಿರುಗತೈತಿ. ಕೈ ಸುಮ್ನಿದ್ರ ನನಗ ಮುಂದಿಂದು ನೆನಪ ಆಗೂದಿಲ್ಲ.”

“ಕಲ್ಲು ಅಲ್ಲೇ ಕೊಡಸ್ತೀನಿ ಅಜ್ಜಿ.”

“ಮಂದಿ ಕಲ್ಲು ಬ್ಯಾಡ. ನನ್ನ ಕಲ್ಲಿನ ತಾಳಾ ಬ್ಯಾರೆ ಐತಿ.”

ಕಲ್ಲಿಗೆ ತಾಳ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಒಂದು ಹಿಡಿ ಜೋಳ ಹಾಕಿ ತಿರುಗಿಸಿ ತೋರಿಸಿದಳು. ಒಂದು ಕಡೆ ಸವೆದ ಕಲ್ಲು, ಸುತ್ತಿಗೊಮ್ಮೆ ಸಣ್ಣಗೆ ಗುಡುಗುತ್ತಿತ್ತು. ಪದದ ಸಾಲು ಸರಿಯಾಗಿ ಅಲ್ಲಿಗೇ ಬಂದು ತಿರುವು ತೆಗೆದುಕೊಳ್ಳುತ್ತಿತ್ತು. ಕಲ್ಲು ಬರಲೇಬೇಕು ಎಂದು ಒಪ್ಪಿ ಬಂದೆ.

ಕಾರ್ಯಕ್ರಮಕ್ಕೆ ಆರು ದಿನ ಇರುವಾಗ ವಿಶ್ವವಿದ್ಯಾಲಯದ ಕಾರ್ಯಕ್ರಮ ಸಮಿತಿಯ ಸಭೆ ನಡೆಯಿತು. ಕುಲಸಚಿವರು ಪಟ್ಟಿ ನೋಡಿ, ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. “ಬ್ಯಾಂಡು ಹಾಲಿನೊಳಗ ಯಾಕ್ರಿ? ಗೇಟಿನ ಹತ್ರ ನಿಂದ್ರಸ್ರಿ. ಅತಿಥಿಗಳು ಬರೂ ಮುಂದ ಬಾರಸ್ಲಿ, ಚಂದ ಕಾಣತೈತಿ. ಒಳಗ ಗಾಯಕರು, ಸೊರಟೂರಿನವ್ರು. ಅವರಿಗೂ ಮರ್ಯಾದಿ, ಇವರಿಗೂ ಕೆಲಸ.”

ಉಳಿದವರು ಹೌದೆಂದು ಗೋಣು ಹಾಕಿದರು. ನಾನೂ ಹಾಕಿದೆ. ಅದನ್ನು ಇಲ್ಲಿ ಮುಚ್ಚಿಡಲಾರೆ. ಹಾಲು ಉಳಿಸಿಕೊಳ್ಳುವುದೇ ದೊಡ್ಡದಾಗಿತ್ತು ನನಗೆ. ಬ್ಯಾಂಡಿನ ಸದ್ದಿಗೆ ಕೌದಿಗಳು ಸಾಲುತ್ತವೋ ಇಲ್ಲವೋ ಎಂಬ ಅಳುಕೂ ಇತ್ತು. ಗೇಟು ಎಂದಾಗ ಒಳಗೊಳಗೇ ಹಗುರಾದೆ.

ಸಂಜೆ ಬೆಟಗೇರಿಗೆ ಹೋದೆ. ಬ್ಯಾಂಡ್ ಮಾಸ್ತರರ ಮನೆಯ ಮುಂದಿನ ಕೋಣೆಯಲ್ಲಿ ಒಂಬತ್ತು ಜನ ಕೂತಿದ್ದರು. ಮದುವೆಯ ಹಂಗಾಮು ಅಲ್ಲದ ಹೊತ್ತು, ತಾಲೀಮು ನಡೆದಿತ್ತು. ಮಾಸ್ತರರಿಗೆ ಅರವತ್ತರ ಹತ್ತಿರ. ಕ್ಲಾರಿಯೋನೆಟ್ಟಿನ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸುತ್ತ ನನಗೆ ಕುರ್ಚಿ ಹಾಕಿಸಿದರು. ನಾನು ಗೇಟಿನ ಮಾತು ಹೇಳಿದೆ. ಸ್ವಾಗತ ಅಂದರೆ ಅದೂ ಗೌರವದ್ದೇ ಎಂದು ಏನೇನೋ ಸೇರಿಸಿದೆ.

ಅವರು ಪೂರ್ತಿ ಕೇಳಿದರು.

“ಆತ್ರಿ ಮೇಡಂ. ಗೇಟಿನ್ಯಾಗ ಬಾರಸೂದು ನಮಗೇನ್ ಹೊಸಾದಲ್ಲ. ನಮ್ಮಪ್ಪ ಬಾರಸ್ದ, ನಾ ಬಾರಸ್ದೆ. ಆದ್ರ ನೀವು ಮೊದ್ಲ ಬಂದಾಗ ಏನಂದಿದ್ರಿ, ಮಂದಿ ಕುಂತು ಕೇಳ್ತಾರ, ನೀವೂ ಕುಂತು ಬಾರಸ್ರಿ ಅಂದಿದ್ರಿ. ಅದಕ್ಕ ಒಪ್ಪಿದ್ವಿ ನೋಡ್ರಿ. ನಾವು ಹುಟ್ಟಿದಾಗಿಂದ ನಡಕೋತನ ಬಾರಿಸೇವಿ. ಒಮ್ಮೆನೂ ಕುಂತು ಬಾರಿಸಿಲ್ಲ.”

ಟ್ರಂಪೆಟ್ಟಿನವನು ನೆಲ ನೋಡುತ್ತಿದ್ದ. ಏನು ತಾಲೀಮು ಮಾಡುತ್ತಿದ್ದಿರಿ ಎಂದು ಕೇಳಿದೆ.

“ನಮ್ಮಪ್ಪ ಕೂಡಿಸಿದ್ದು ಒಂದು ಧಾಟಿ ಐತ್ರಿ, ಭೈರವಿ ಒಳಗ. ಮದುವ್ಯಾಗ ಅದರ ಮೊದಲಿನ ತುಂಡು ಬಾರಸ್ತೀವಿ. ಅಷ್ಟರಾಗ ಮೆರವಣಿಗಿ ಮುಂದ ಸರೀತೈತಿ, ಇಲ್ಲಾ ಯಾರರೆ ಬಂದು ಕುಣಿಯೂ ಹಾಡು ಹಚ್ರಿ ಅಂತಾರ. ಎರಡನೇ ತುಂಡು ಇವರ್ಯಾರಿಗೂ ಗೊತ್ತ ಇರಲಿಲ್ಲ. ನನ್ನ ತಲ್ಯಾಗಷ್ಟ ಇತ್ತು. ಹದಿನೈದು ದಿನದಿಂದ ಇವರಿಗೆ ಕಲಸಾಕತ್ತೀನಿ. ಇರ್ಲಿ ಬಿಡ್ರಿ. ಕಲ್ತಾರಲ್ಲ, ಅಷ್ಟ ಸಾಕು.”

ಚಹಾ ಬಂತು. ಕುಡಿದೆ. ಗಾಡಿ ಹತ್ತಿ ಗದಗಿನ ಕಡೆ ಹೊರಟವಳು ಅರ್ಧ ದಾರಿಯಲ್ಲಿ ನಿಲ್ಲಿಸಿದೆ. ಮೊಟ್ಟಮೊದಲ ಸಭೆಯಲ್ಲಿ ನಾನೇ ಹೇಳಿದ್ದ ಮಾತು, ಒಂದೇ ಜಮಖಾನೆ. ಅದರ ಮೇಲೆ ಯಾರು ಕೂರಬೇಕು, ಯಾರು ಗೇಟಿನಲ್ಲಿ ನಿಲ್ಲಬೇಕು ಎಂದು ಮೊದಲ ಅಡ್ಡಿ ಬಂದಾಗಲೇ ನಾನು ವಿಂಗಡಿಸಿ ಮುಗಿಸಿದ್ದೆ. ಆ ಹದಿನೈದು ದಿನಗಳ ತಾಲೀಮಿನ ಮುಂದೆ ನನ್ನ ಕೌದಿ, ಹಗ್ಗ, ಚೀಟಿಗಳೆಲ್ಲ ಸಣ್ಣವಾಗಿ ಕಂಡವು. ಗಾಡಿ ತಿರುಗಿಸಿ ಮತ್ತೆ ಬೆಟಗೇರಿಗೆ ಹೋದೆ.

ಮಾಸ್ತರರು ಬಾಗಿಲಲ್ಲೇ ಇದ್ದರು. “ಏನರೆ ಮರ್ತೀರೇನ್ರಿ?”

“ಹೌದ್ರಿ. ನೀವು ಹಾಲಿನ್ಯಾಗ ಕುಂತು ಬಾರಸ್ತೀರಿ. ಪೂರಾ ಬಾರಸ್ತೀರಿ. ಗೇಟಿನ ಮಾತು ನಾ ಆಡಿಲ್ಲ ಅಂತ ತಿಳೀರಿ.”

ಅವರು ನಕ್ಕರು. “ಆಡಿದ್ದು ಆಡಿದ್ದ ಆತ್ರಿ. ಬರ್ತೀವಿ.”

ಬೆಳಿಗ್ಗೆ ಕುಲಸಚಿವರಿಗೆ ಹೇಳಿದೆ. ಅವರು ವಾದ ಮಾಡಲಿಲ್ಲ, ಬಿಳಿ ಹಾಳೆ ಮುಂದಿಟ್ಟರು. “ಬರದು ಕೊಡ್ರಿ. ಸಮಿತಿ ಬ್ಯಾಡಂತು, ನೀವು ಮಾಡಾಕತ್ತೀರಿ. ಹೆಚ್ಚು ಕಮ್ಮಿ ಆದ್ರ ಜವಾಬ್ದಾರಿ ನಿಮ್ಮದು.” ಬರೆದು ಸಹಿ ಹಾಕಿದೆ. ಬರೆದು ಮುಗಿಸಿದ ಮೇಲೆ ಒಂಥರಾ ನಿರಾಳವೇ ಆಯಿತು.

ತೊಡಕು ಬಂದದ್ದು ಇನ್ನೊಂದು ಕಡೆಯಿಂದ. ಮೂವರ ಅನುಕ್ರಮ ಹಾಕುವಾಗ ಬ್ಯಾಂಡನ್ನು ಕೊನೆಗೆ ಇಟ್ಟಿದ್ದೆ. ಎಲ್ಲರೂ ಬುವಾ ಎಂದು ಕರೆಯುವ ಗಾಯಕರ ಫೋನ್ ಬಂತು. ಸಂಗೀತ ಕಛೇರಿಗಳಲ್ಲಿ ಹಿರಿಯರು ಹಾಡುವುದು ಕೊನೆಯಲ್ಲಿ, ಅದು ನನಗೂ ಗೊತ್ತಿತ್ತು.

“ಮೇಡಂ, ಹೋದ ಸಲ ನಿಮ್ಮ ಹಾಲು ನನ್ನ ಆಲಾಪ ಕೆಡಿಸ್ತು. ಜಗಳಾ ಮಾಡಲಿಲ್ಲ ನಾನು. ಈಗ ನನ್ನ ಮೊದ್ಲ ಹಾಡ್ಸಿ, ಹಿಂದ ಮದುವಿ ಬ್ಯಾಂಡ್ ಕುಂಡ್ರಸ್ತೀರಿ. ಮಂದಿ ಏನಂತಾರ?”

“ಬುವಾ, ಹಿರಿಕಿರಿದು ನೋಡಿ ಹಾಕಿದ್ದಲ್ಲರಿ. ನಾಳೆ ಮಧ್ಯಾಹ್ನ ಒಂದು ತಾಸು ತಂಬೂರಿ ತಗೊಂಡು ಹಾಲಿಗೆ ಬರ್ರಿ. ಕೇಳಿ ನೋಡ್ರಿ. ಆಮ್ಯಾಲ ನೀವು ಹೇಳಿದಂಗ ಮಾಡ್ತೀನಿ.”

ಬಂದರು. ಮುಖ ಗಂಟು ಹಾಕಿಕೊಂಡೇ ಬಂದರು. ಗೋಡೆಯ ಮೇಲಿನ ಕೌದಿಗಳನ್ನು ನೋಡಿ ಕಟ್ಟೆಯ ಮೇಲೆ ಕೂತು ಒಂದು ಷಡ್ಜ ಹಚ್ಚಿದರು. ಸ್ವರ ಹೋಯಿತು, ತಿರುಗಿ ಬರಲಿಲ್ಲ. ಹುಬ್ಬು ಮೇಲೆ ಹೋದವು. ಇನ್ನೊಮ್ಮೆ ಹಚ್ಚಿದರು. ನಂತರ, ನಾನು ಕರೆಸಿದ್ದ ಬ್ಯಾಂಡ್ ಮಾಸ್ತರರು, ಜೊತೆಗೆ ಬಂದಿದ್ದ ಟ್ರಂಪೆಟ್ಟಿನವ ಮತ್ತು ದೊಡ್ಡ ಡ್ರಮ್ಮಿನವ ಎರಡು ನಿಮಿಷ ನುಡಿಸಿದರು. ಡ್ರಮ್ಮಿಗೆ ಮಡಚಿದ ಒಂದು ಟವೆಲು ಕಟ್ಟಿದ್ದರು, ಆದರೂ ಎದೆಗೆ ತಾಗುವ ಸದ್ದು. ಅವರು ನಿಲ್ಲಿಸಿದ ಕೂಡಲೇ ನಾನು, “ಬುವಾ, ಈಗ ತಂಬೂರಿ ಮೀಟ್ರಿ,” ಎಂದೆ.

ಮೀಟಿದರು. ಕಿವಿ ತಂತಿಯ ಹತ್ತಿರ ಒಯ್ದರು. ಇನ್ನಷ್ಟು ಹತ್ತಿರ ಒಯ್ದರು. ನಮ್ಮೆಲ್ಲರ ಕಿವಿಯಲ್ಲಿ ಇನ್ನೂ ಹಿತ್ತಾಳೆಯೇ ಗುಂಯ್‌ಗುಡುತ್ತಿತ್ತು.

ಅವರು ತಂಬೂರಿಯನ್ನು ಮೆಲ್ಲಗೆ ಮಲಗಿಸಿದರು. “ಇದು ಮರ್ಯಾದಿದಲ್ಲ, ಕಿವಿದು. ನಂದ ಮೊದ್ಲ ಇರ್ಲಿ.” ಮಾಸ್ತರರ ಕಡೆ ತಿರುಗಿ, “ನಿಮ್ಮ ಟ್ರಂಪೆಟ್ಟಿನ ಸ್ವರ ಕೂದಲೆಳಿಯಷ್ಟು ಏರೈತ್ರಿ,” ಎಂದರು. “ಹೌದ್ರಿ, ಬಿಸಲಿಗೆ ಏರತೈತಿ, ಇಳಸ್ತೀವ್ರಿ,” ಎಂದರು ಮಾಸ್ತರರು. ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ. ನನಗೆ ಅದು ಬೇಕಾದಷ್ಟಾಗಿತ್ತು.

ಕಾರ್ಯಕ್ರಮದ ದಿನ ಎರಡೂವರೆಯಾದರೂ ಸೊರಟೂರಿನವರ ಸುದ್ದಿಯಿಲ್ಲ. ಮೊದಲ ಬಸ್ಸು ತುಂಬಿ ಬಂದಿತ್ತಂತೆ, ಕಲ್ಲು ಹತ್ತಿಸಲು ಆಗಿರಲಿಲ್ಲ. ಎರಡನೆಯ ಬಸ್ಸಿಗೆ ಕಲ್ಲಿನ ಎರಡು ಹೋಳನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ, ಸೀಟಿನ ಕೆಳಗೆ ತಳ್ಳಿ, ಅದರ ಮೇಲೆ ಕಾಲಿಟ್ಟುಕೊಂಡು ಬಂದಿದ್ದರು. ಅವರು ಹಾಲಿನ ಬಾಗಿಲಿಗೆ ಬರುವಾಗ ಒಳಗೆ ಗಾಯಕರ ಭೀಮಪಲಾಸ ನಡೆದಿತ್ತು. ಅಜ್ಜಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಳು. ಯಾರೂ ಎದ್ದು ಹೋಗುತ್ತಿರಲಿಲ್ಲ. ಹಿಂದಿನ ಸಾಲನ್ನು ನಾನು ಎರಡು ಸಲ ತಿರುಗಿ ನೋಡಿದೆ. ಗಾಯಕರು ಒಂದು ಸ್ವರವನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಾಡುತ್ತ ಹೋದಾಗ ಹೊರಗಿನ ಗಾಳಿಗೆ ಕಿಟಕಿಯೊಂದು ಅಲುಗಿದ್ದೂ ಕೇಳಿಸಿತು.

ಅಜ್ಜಿಯ ಸರದಿ ಬಂದಾಗ ಮೈಕಿನವ ಮೈಕನ್ನು ಅವಳ ಬಾಯಿಗೆ ಹಿಡಿಯಲು ಹೋದ. ಅವಳು ಮುಖ ತಿರುಗಿಸಿದಳು. ಅವನು ಒಂದು ಕ್ಷಣ ಯೋಚಿಸಿ ಅದನ್ನು ನೆಲಕ್ಕೆ ಬಗ್ಗಿಸಿ ಕಲ್ಲಿನ ಪಕ್ಕ ಇಟ್ಟ. ಅದೇ ಸರಿಯಾಯಿತು. ಕಲ್ಲಿನ ಗುಡುಗು ಹಾಲಿನ ನೆಲದಿಂದಲೇ ಎದ್ದಂತೆ ಬಂತು, ಅದರ ಮೇಲೆ ಅವಳ ದನಿ, ಹಿಂದೆ ಮೂವರ ದನಿ. ತವರಿನ ಬಾಗಿಲು, ಅಣ್ಣನ ಎತ್ತು, ಬಾರದ ಪತ್ರ, ಒಂದರ ಹಿಂದೊಂದು ಪದ ಬಂದವು. ಅರ್ಧ ತಾಸು ಮುಗಿದರೂ ಜೋಳ ಮುಗಿದಿರಲಿಲ್ಲ. “ಹಾಕಿದ್ದು ಬೀಸಿ ಮುಗಸ್ಬೇಕಲ್ಲ ಯವ್ವಾ,” ಎಂದು ನನ್ನ ಕಡೆ ನೋಡಿ ಇನ್ನೆರಡು ಪದ ಹೇಳಿದಳು. ಶಿರಹಟ್ಟಿಯ ಹುಡುಗಿ ಹಿಟ್ಟನ್ನು ಬೊಗಸೆಯಲ್ಲಿ ಎತ್ತಿಕೊಂಡು ಮೂಸಿ ನೋಡಿದಳು.

ಆಮೇಲೆ ಬ್ಯಾಂಡು. ಕೆಂಪು ಕೋಟು, ಹಳದಿ ಪಟ್ಟಿ, ಒಂಬತ್ತು ಕುರ್ಚಿ. ಕೂತವರಿಗೆ ಕಾಲು ಎಲ್ಲಿಡಬೇಕೆಂದು ತಿಳಿಯದು. ಡ್ರಮ್ಮಿನವ ಎರಡು ಸಲ ಎದ್ದು ಕೂತ. ಮಾಸ್ತರರು ಕಣ್ಣಲ್ಲೇ ಎಣಿಸಿ ಶುರು ಮಾಡಿದರು. ಮೊದಲ ತುಂಡು ಎಲ್ಲರೂ ಎಲ್ಲೋ ಕೇಳಿದ್ದೇ. ಹಿಂದಿನ ಸಾಲಿನಲ್ಲಿ ಕೆಲವರು ಭುಜ ಕುಣಿಸಿದರು, ಒಬ್ಬಿಬ್ಬರು ಸಿಳ್ಳೆ ಹಾಕಿದರು. ನಡುಸಾಲಿನಲ್ಲಿದ್ದ ಕುಲಸಚಿವರು ನನ್ನ ಕಡೆ ನೋಡಿದ್ದು ಗೊತ್ತಾಯಿತು.

ಮೊದಲ ತುಂಡು ಮುಗಿಯಿತು. ಡ್ರಮ್ಮು ನಿಂತುಬಿಟ್ಟಿತು. ಹಿತ್ತಾಳೆ ತಾಳದ ಜಾಂಝಿನವನೂ ನಿಲ್ಲಿಸಿದ. ಇಷ್ಟು ವರ್ಷ ಅಲ್ಲಿಗೇ ನಿಲ್ಲುತ್ತಿದ್ದ ಕೈ, ಅಲ್ಲಿಗೇ ನಿಂತಿತ್ತು. ಕ್ಲಾರಿಯೋನೆಟ್ಟು ಒಂದು ಸಾಲು ಒಂಟಿಯಾಗಿ ಮುಂದೆ ಹೋಗಿ ಅದೂ ಸುಮ್ಮನಾಯಿತು. ಹಿಂದೆ ಯಾರೋ ನಕ್ಕರು. ಮುಗಿಯಿತೆಂದು ತಿಳಿದು ಇಬ್ಬರು ಎದ್ದರು.

ನನಗೂ ಏಳಬೇಕೆನಿಸಿತು, ಎದ್ದು ಏನಾದರೂ ಹೇಳಿ ಮುಚ್ಚಬೇಕೆನಿಸಿತು. ಏಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟು ಮಾಸ್ತರರನ್ನೇ ನೋಡುತ್ತ ಕೂತೆ. ಅವರು ಕ್ಲಾರಿಯೋನೆಟ್ ತೊಡೆಯ ಮೇಲಿಟ್ಟು ಡ್ರಮ್ಮಿನವನಿಗೆ ಎಲ್ಲರಿಗೂ ಕೇಳುವಂತೆಯೇ ಹೇಳಿದರು: “ಮೆರವಣಿಗಿ ಇಲ್ಲೋ ಮಾರಾಯ. ಯಾರೂ ಮುಂದ ಹೋಗವಲ್ರು. ಬಾ, ಎರಡನೇದು.” ಎದ್ದ ಇಬ್ಬರೂ ಕೂತರು. ಮಾಸ್ತರರು ಬೆರಳಲ್ಲಿ ನಾಲ್ಕು ಎಣಿಸಿದರು.

ಎರಡನೆಯ ತುಂಡು ನಿಧಾನದ್ದು. ಟ್ರಂಪೆಟ್ಟು ಕೆಳಗಿನ ಸ್ವರಗಳಲ್ಲೇ ಇತ್ತು, ಡ್ರಮ್ಮಿನವ ಕೋಲಿನ ಬದಲು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದ. ಮದುವೆಯ ಗದ್ದಲದಲ್ಲಿ ಇದು ಯಾರಿಗೂ ಕೇಳಿಸುತ್ತಲೇ ಇರಲಿಲ್ಲ. ಬಾಗಿಲ ಹತ್ತಿರ ಗಾಯಕರು ನಿಂತಿದ್ದರು. ತಮ್ಮದು ಮುಗಿದೊಡನೆ ಮನೆಗೆ ಹೋಗುತ್ತೇನೆ ಎಂದಿದ್ದವರು ಹೋಗಿರಲಿಲ್ಲ. ಕಣ್ಣು ಮುಚ್ಚಿ ಬಲಗೈ ಬೆರಳುಗಳಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕ್ಲಾರಿಯೋನೆಟ್ಟು ಕೊನೆಯ ಸಾಲನ್ನು ಮೂರು ಸಲ ಹೇಳಿತು, ಮೂರನೆಯ ಸಲ ಬಹಳ ಮೆತ್ತಗೆ, ಮುಗಿಸಿತು.

ಕುಲಸಚಿವರು ಕಾರ್ಯಕ್ರಮದ ಮರುದಿನ ನನ್ನ ಆ ಹಾಳೆಯನ್ನು ಕಡತದಿಂದ ತೆಗೆದು ವಾಪಸು ಕೊಟ್ಟರು. ಉತ್ತರ ಪತ್ರಿಕೆಗಳಿಗೆ ಬೇರೆ ಕೋಣೆ ಸಿಕ್ಕಿತು. ಆ ಹಾಲಿನಲ್ಲಿ ಈಗಲೂ ತಿಂಗಳಿಗೊಮ್ಮೆ ಹಾಡು ನಡೆಯುತ್ತದೆ. ಕೆಲವು ಚೆನ್ನಾಗಿ ಆಗುತ್ತವೆ, ಕೆಲವು ಕೆಡುತ್ತವೆ. ಆದರೆ ಆ ಮಧ್ಯಾಹ್ನದ ಮಾತು ಮುಗಿಸಬೇಕೆಂದರೆ ನನಗೆ ನೆನಪಾಗುವುದು ನುಡಿಸಿ ಮುಗಿದ ಮೇಲಿನ ಆ ಒಂದು ನಿಮಿಷ.

ಚಪ್ಪಾಳೆ ಶುರುವಾಗಿತ್ತು. ಒಂಬತ್ತೂ ಜನ ಕುರ್ಚಿಯ ತುದಿಗೆ ಸರಿದು ವಾದ್ಯ ಎತ್ತಿಕೊಂಡರು. ನುಡಿಸಿ ಮುಗಿದರೆ ಮುಂದೆ ನಡೆಯುವುದೇ ಅವರಿಗೆ ಗೊತ್ತಿದ್ದದ್ದು. ಅರ್ಧ ಎದ್ದ ಮಾಸ್ತರರು ಹಾಗೇ ನಿಂತು ನನ್ನನ್ನು ಕೇಳಿದರು: “ಮೇಡಂ, ಈಗೇನು ಮಾಡೂದ್ರಿ?”

“ಕುಂಡ್ರಿ,” ಎಂದೆ. “ಅವರು ಇನ್ನೂ ಚಪ್ಪಾಳಿ ನಿಲ್ಲಿಸಿಲ್ರಿ.”